ಜುಂಜಣ್ಣನ ಮೂಗು

ಕಾದೆಣ್ಣೆಗೆ ಮೆಣಸಿನಕಾಯಿ ಬಜ್ಜಿ ಬಿದ್ದು ಚೊರ್ರೆಂದರೆ ಸಾಕು, ಚಳ್ಳಕೆರೆ ಪೇಟೆಯಲ್ಲಿ ಕಂಬಳಿ ಮಾರುವ ಜುಂಜಣ್ಣ ಬಂದ ಗಿರಾಕಿಯನ್ನೂ ಬಿಟ್ಟು ಪಾಪಕ್ಕನ ಒಲೆಯ ಮುಂದೆ ಕೂರುತ್ತಾನೆ. ಸೋಮವಾರ ಮಂಡಕ್ಕಿ, ಮಂಗಳವಾರ ಉಸಲಿ, ಸಂತೆಯ ದಿನ ಎರಡನ್ನೂ ತಿಂದು, ಬಜ್ಜಿಯನ್ನು ಮಾತ್ರ ಮೂಸಿ ನೋಡಿ, "ಓಮ ಕಮ್ಮಿ ಐತಕ್ಕ" ಎಂದು ತೀರ್ಪು ಕೊಡುತ್ತಾನೆ. ಪೇಟೆಯ ಬಜ್ಜಿಗೆಲ್ಲ ಅವನ ಮೂಗೇ ತಕ್ಕಡಿ. ಜ್ವರದಲ್ಲಿ ಮಗಳ ಕಾಲು ಸ್ವಾಧೀನ ತಪ್ಪಿದಾಗ, ಅವಳು ನಡೆಯುವವರೆಗೆ ಬಜ್ಜಿ ತಿನ್ನುವುದಿಲ್ಲವೆಂದು ಜಟಿಂಗ ರಾಮೇಶ್ವರನಿಗೆ ಹರಕೆ ಹೊತ್ತವನು ಅವನು. "ನಿನ್ನೆ ಗೋಡೆ ಹಿಡ್ಕೊಂಡು ನಿಂತ್ಲಕ್ಕ" ಎಂದ ಇವತ್ತು. "ನಿಂತ್ಲಲ್ಲ, ಒಂದು ತಿಂದ್ರೆ ದೇವರೇನು ಮುನಿಯಲ್ಲ, ತಗಾ" ಎಂದು ಪಾಪಕ್ಕ ಎಲೆ ಚಾಚಿದಳು. ಅವಳ ಮಾತು ಮುಗಿಯುವ ಮೊದಲೇ, ಮಗಳು ಇಷ್ಟರಲ್ಲಿ ಒಂದು ಹೆಜ್ಜೆ ಇಟ್ಟಿರಬಹುದೇ ಎಂದುಕೊಳ್ಳುತ್ತ ಜುಂಜಣ್ಣ ಕಂಬಳಿ ಹೆಗಲಿಗೇರಿಸಿ ಮನೆಯ ದಾರಿ ಹಿಡಿದಿದ್ದ.