ಗುರುಬಸವ್ವನ ಸಾಲಿನಲ್ಲಿ ಒಂದು ಖಾಲಿ ಮನೆ

ಶಮಾ ದೊಡ್ಡ ಮನುಷ್ಯಳೇನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಂಪ್ಯೂಟರಿನ ಬಗ್ಗೆ ಕನ್ನಡದಲ್ಲಿ ಬರೆಯುವವಳು ಎಂದ ಕೂಡಲೇ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಒಂದು ಬಟ್ಟೆ ಅಂಗಡಿ, ಅದರ ತಲೆಯ ಮೇಲೆ ಅಟ್ಟದಂಥ ಒಂದು ಕೋಣೆ, ಕೋಣೆಯಲ್ಲಿ ಎರಡು ಕಂಪ್ಯೂಟರು, ಒಂದು ಫ್ಯಾನು. ಫ್ಯಾನು ಹಾಕಿದರೆ ಕಾಗದ ಹಾರುತ್ತದೆ, ನಿಲ್ಲಿಸಿದರೆ ಜೀವ ಹಾರುತ್ತದೆ. ಅಲ್ಲಿ ಕುಳಿತು ಊರಿನ ಅಂಗಡಿಗಳಿಗೆ, ಸಂಘಗಳಿಗೆ ಬೇಕಾದ ಮಾಹಿತಿಯನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ಅವಳ ಹೊಟ್ಟೆಪಾಡು.

ಜೋಡಿಸಲು ಅವಳು ಬಳಸುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸು. ದೇಶದೇಶದ ಜನ ಕೈಗೂಡಿಸಿ ಕಟ್ಟಿ, ಯಾರು ಬೇಕಾದರೂ ಬಳಸಿರಿ, ಬಿಚ್ಚಿ ನೋಡಿರಿ, ತಿದ್ದಿರಿ ಎಂದು ಬಯಲಿಗಿಟ್ಟ ಸಾಮಾನು ಅದು. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪಗೊಂದಿರಲಿ ಎನ್ನುವ ಜನ ನಾವು. ಶಮಾಗೆ ಮಾತ್ರ ಪುಕ್ಕಟೆ ತಿಂದದ್ದು ಅರಗಲಿಲ್ಲ. ಅಷ್ಟು ಜನ ಕೊಟ್ಟದ್ದಕ್ಕೆ ತಾನೇನು ಕೊಡಲಿ ಎಂದು ಯೋಚಿಸಿ, ಅದನ್ನು ಬಳಸುವುದು ಹೇಗೆ ಎಂದು ಕನ್ನಡದಲ್ಲಿ ಅಧ್ಯಾಯ ಅಧ್ಯಾಯವಾಗಿ ಬರೆದು ಅಂತರ್ಜಾಲದಲ್ಲಿ ಹಾಕತೊಡಗಿದಳು. ಓದುವವರು ಬಹಳಿರಲಿಲ್ಲ. ಇದ್ದವರು ಮಾತ್ರ ಬಿಡದೆ ಓದುತ್ತಿದ್ದರು.

ಅವಳ ಉದಾಹರಣೆಗಳೆಲ್ಲ ಇಲ್ಲಿಯವೇ. ಕೋಷ್ಟಕ ಎಂದರೇನು? ರೊಟ್ಟಿ ಮಾಡುವ ಸಂಘದ ಸದಸ್ಯರ ಪಟ್ಟಿ. ಒಬ್ಬ ಸದಸ್ಯಳಿಗೆ ಒಂದು ಅಡ್ಡಸಾಲು. ಹೆಸರು, ಊರು, ಗಂಡನ ಹೆಸರು ಎಂದು ಒಂದೊಂದು ವಿಷಯಕ್ಕೆ ಒಂದೊಂದು ಕಾಲಂ. ಸಾಲು ಕಾಲಂ ಕೂಡಿದ ಕಡೆ ಒಂದು ಮನೆ, ಚೌಕಾಬಾರದ ಮನೆಯ ಹಾಗೆ. ಈ ಉದಾಹರಣೆ ಕಟ್ಟುಕಥೆಯಾಗಿರಲಿಲ್ಲ. ತಿಕೋಟಾದಲ್ಲಿ ತಿಂಗಳಿಟ್ಟರೂ ಕೆಡದ ಒಣ ಕಟಕ ರೊಟ್ಟಿ ಮಾಡಿ ಮಾರುವ ಹೆಂಗಸರ ಸಂಘವೊಂದಿತ್ತು. ಘೋಣಸಗಿ, ಸಾರವಾಡ ಎಂದು ಸುತ್ತಲ ಹಳ್ಳಿಗಳ ಹೆಂಗಸರು ಅದರಲ್ಲಿದ್ದರು. ಅಧ್ಯಕ್ಷೆ ಸೌಭಾಗ್ಯ. ಬಾಯಿ ಜೋರು, ಮನಸ್ಸು ಮೆತ್ತಗೆ, ಎರಡೂ ಒಂದೇ ಹೊತ್ತಿಗೆ ಕೆಲಸ ಮಾಡುವ ಹೆಂಗಸು. ಅವಳೇ ಶಮಾಳ ಅಟ್ಟ ಹತ್ತಿ ಬಂದು ಸಂಘದ ಕೆಲಸ ಒಪ್ಪಿಸಿದವಳು.

"ಯಾರ ಗಂಡ ತೀರಿಕೊಂಡಾನ, ಯಾರ ಗಂಡ ಇದ್ದಾನ, ಅದನ್ನೂ ಬರದಿಡವಾ. ಪಿಂಚಣಿ ಕೊಡಸಾಕ ಬೇಕಾಗತೈತಿ" ಎಂದಿದ್ದಳು ಸೌಭಾಗ್ಯ.

ಶಮಾ 'ವಿಧವೆ' ಎಂದು ಒಂದು ಕಾಲಂ ಮಾಡಿದಳು. 'ಹೌದು' ಇಲ್ಲವೇ 'ಅಲ್ಲ', ಎರಡೇ ಉತ್ತರ. ಮೂರನೆಯದಕ್ಕೆ ಜಾಗವಿಲ್ಲ, ಖಾಲಿ ಬಿಡುವಂತಿಲ್ಲ. ಮಾಹಿತಿ ತುಂಬುವವಳು ಸೌಭಾಗ್ಯಳ ಸೊಸೆ ಲಲಿತಾ. ಅವಳಿಗೆ ಕೆಲಸ ಹಗುರಾಗಲಿ ಎಂದು ಶಮಾ ಒಂದು ಜಾಣತನ ಮಾಡಿದಳು. ಗಂಡನ ಹೆಸರಿನ ಮನೆ ಖಾಲಿ ಬಿಟ್ಟರೆ ಡೇಟಾಬೇಸು ತಾನೇ 'ವಿಧವೆ: ಹೌದು' ಎಂದು ತುಂಬಿಕೊಳ್ಳಬೇಕು. ಗಂಡ ಇದ್ದವಳು ಹೆಸರು ಯಾಕೆ ಬರೆಸುವುದಿಲ್ಲ, ಅಲ್ಲವೇ? ಅದೇ ವಾರ 'ನಲ್' ಎಂಬ ಅಧ್ಯಾಯವನ್ನೂ ಬರೆದಳು. ಡೇಟಾಬೇಸಿನಲ್ಲಿ ಏನೂ ತುಂಬದ ಮನೆಗೆ ನಲ್ ಎಂದು ಹೆಸರು. ಶಮಾ ಒಂದೇ ಸಾಲಿನಲ್ಲಿ ಮುಗಿಸಿದಳು: 'ನಲ್ ಎಂದರೆ ಇಲ್ಲ.' ಚೊಕ್ಕವಾಗಿ ಬಂತು ಎಂದು ತನಗೆ ತಾನೇ ಖುಷಿಪಟ್ಟು ಒಂದು ಕಪ್ ಚಹಾ ಕುಡಿದಳು.

ಶ್ರಾವಣ ಬಂತು. ಶ್ರಾವಣದ ಒಂದು ಶುಕ್ರವಾರ ಸಂಘದ ಹೆಂಗಸರೆಲ್ಲ ತಿಕೋಟಾದಲ್ಲಿ ಸೇರುತ್ತಾರೆ. ಒಬ್ಬೊಬ್ಬರ ಹೆಸರು ಕೂಗಿ, ಮುತ್ತೈದೆಯರನ್ನು ಮುಂದೆ ಕೂರಿಸಿ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಬೀಳುತ್ತವೆ. ಈ ಸಲ ಮುತ್ತೈದೆಯರ ಪಟ್ಟಿಯನ್ನು ಕಂಪ್ಯೂಟರಿನಿಂದಲೇ ತೆಗೆಸಿದ ಸೌಭಾಗ್ಯ ಅದನ್ನು ಶುಕ್ರವಾರಕ್ಕೆ ಮೊದಲೇ ಹೆಮ್ಮೆಯಿಂದ ಸಂಘದ ವಾಟ್ಸಾಪಿಗೆ ಹಾಕಿದಳು. ಅರ್ಧಕ್ಕರ್ಧ ಹೆಂಗಸರ ಹೆಸರೇ ಅದರಲ್ಲಿರಲಿಲ್ಲ.

ಶಮಾಗೆ ಮೊದಲು ಬಂದ ಫೋನು ಸಾರವಾಡದ ಗುರುಪಾದಯ್ಯನದು. ಅವನ ಹೆಂಡತಿ ಸೀತವ್ವ ಸಂಘದ ಹಳೆಯ ಸದಸ್ಯೆ.

"ಕಂಪ್ಯೂಟರ ಬಾಯಾರ ಏನ್ರಿ? ನಾ ಯಾವಾಗ ಸತ್ತೇನ್ರಿ?"

"ಅಂದ್ರ, ಯಜಮಾನ್ರ?"

"ಮುಂಜಾನಿ ಚಾ ಕುಡದೇನಿ, ಹೊಲಕ್ಕ ಹೋಗಿ ಬಂದೇನಿ, ಈಗ ಊಟಕ್ಕ ಕುಂತೇನಿ. ನಮ್ಮಾಕಿ ಬಡಸವಲ್ಲಳು! ಗಂಡ ಸತ್ತಾಕಿ ಅಂತ ಊರಿಗೆಲ್ಲಾ ಸಾರ್ಯಾರ ಅಂತ ಒಂದ ಸವನ ಅಳಾಕತ್ಯಾಳ. ಲಗೂನ ನನ್ನ ಬದಕಸ್ರಿ, ಹೊಟ್ಟಿ ಹಸದೈತಿ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಸೌಭಾಗ್ಯಳ ಫೋನು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಲಲಿತಾಳನ್ನು ಕೇಳಿದರೆ ಅವಳದೂ ತಪ್ಪಿಲ್ಲ. "ಗಂಡನ ಹೆಸರ ಹೇಳ್ರಿ ಅಂದ್ರ ಸೆರಗ ಬಾಯಿಗಿ ಹಿಡಕೊಂಡು ನಗತಾರ. ಹೇಳವಲ್ಲರು. ಖಾಲಿ ಬಿಟ್ಟೆ" ಎಂದಳು.

ಅಯ್ಯೋ ಶಮಾ! ಹಳೆಯ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಈ ಸೀಮೆಯಲ್ಲಿ ಕೂಸಿಗೂ ಗೊತ್ತು. ಹೇಳಲೇಬೇಕಾಗಿ ಬಂದರೆ ಒಡಪು ಕಟ್ಟಿ, ಹಾಡಿನಂಥ ಎರಡು ಸಾಲಿನೊಳಗೆ ಹೆಸರನ್ನು ಅಡಗಿಸಿ ನಾಚಿಕೊಂಡು ಹೇಳುತ್ತಾರೆ. ಬೇರೆಯವರ ಮಾತೇಕೆ? ಶಮಾಳ ತಾಯಿ ಮಾಸುಮಬಿ ಗಂಡನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಅವನು ತೀರಿಕೊಂಡು ವರ್ಷಗಳಾದವು, ಇವತ್ತಿಗೂ ಅವಳ ಬಾಯಲ್ಲಿ ಅವನು 'ಶಮಾನ ಅಬ್ಬಾ'. ಮನೆಯಲ್ಲೇ ಇದನ್ನು ಕೇಳುತ್ತ ಬೆಳೆದವಳು, ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ಮರೆತಳು. ಗಂಡನ ಮೇಲೆ ಹೆಚ್ಚು ಜೀವ ಇಟ್ಟವರೇ ಅವಳ ಕೋಷ್ಟಕದಲ್ಲಿ ವಿಧವೆಯರಾಗಿ ಕುಳಿತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುದಿನ ಶಮಾ ಸೌಭಾಗ್ಯಳ ಜೊತೆ ಬಸ್ಸು ಹತ್ತಿ ಊರೂರು ತಿರುಗಿ ಕ್ಷಮೆ ಕೇಳಿದಳು. ಬೈದವರು ಬೈದರು, ಚಹಾ ಕೊಟ್ಟವರು ಕೊಟ್ಟರು. ಸೀತವ್ವ ಎರಡನ್ನೂ ಮಾಡಿದಳು. ಹೆಸರುಗಳನ್ನು ನೆರೆಯವರಿಂದ ಕೇಳಿ ತುಂಬಿ, 'ಹೌದು' ಎಂದಿದ್ದನ್ನು 'ಅಲ್ಲ' ಎಂದು ತಿದ್ದಿದ್ದಾಯಿತು. ಕೊನೆಗೆ ಉಳಿದದ್ದು ಘೋಣಸಗಿಯ ಗುರುಬಸವ್ವ.

ಗುರುಬಸವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಗಂಡ ಎಲ್ಲಿ ಎಂದು ಶಮಾ ಕೇಳುವ ಮೊದಲೇ ಸೌಭಾಗ್ಯ ಅವಳ ಕೈ ಹಿಡಿದು ಅದುಮಿದಳು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟನಿ ಕೆಲಸಕ್ಕೆಂದು ಸಾಂಗ್ಲಿ ಕಡೆ ಕೂಲಿ ಹೋದ ಗಂಡ ಸಿದ್ದರಾಮ ತಿರುಗಿ ಬಂದಿರಲಿಲ್ಲ. ಜೊತೆಗೆ ಹೋದವರೆಲ್ಲ ಬಂದರು. ಅವನ ಸುದ್ದಿ ಮಾತ್ರ ಇಲ್ಲ. ಹೋಗುವಾಗ ಸೊಂಟಕ್ಕಿದ್ದ ಮಗಳು ಈಗ ಮೈನೆರೆದಿದ್ದಳು.

ಗುರುಬಸವ್ವ ಕೈ ನಿಲ್ಲಿಸದೆ ಮಾತಾಡಿದಳು.

"ಏನಂತ ಬರೀತೀ ಬೇ ತಂಗಿ? ಇದ್ದಾರ ಅಂತ ಬರದ್ರ, ಎಲ್ಲಿ ತೋರಸು ಅಂತಾರ. ಇಲ್ಲ ಅಂತ ಬರದ್ರ, ಅವರನ್ನ ನಾನ ಕೈಯಾರೆ ಕೊಂದಂಗ ಆಗತೈತಿ."

"ನೀವು ಹೆಂಗ ಹೇಳತೀರಿ ಹಂಗ ಬರೀತೇನಿ, ಅಕ್ಕಾ."

"ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತ ಬರಿ. ಬರಿಯಾಕ ಬರತೈತಿಲ್ಲ ನಿನ್ನ ಮಿಸನ್ನಿನ್ಯಾಗ?"

ಶಮಾ ತಲೆಯಾಡಿಸಿದಳು. ಗುರುಬಸವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೊದಲ ಸಲ ಅವಳ ಮುಖ ನೋಡಿದಳು.

"ಮೊದಲೆಲ್ಲಾ ಉಡಿ ತುಂಬಾಕ ನನ್ನ ಹೆಸರ ಕೂಗತಿದ್ರು. ಆಮ್ಯಾಲ ಕೂಗೂ ಮುಂದ ನಿಂತು ನಿಂತು ಕೂಗಾಕತ್ತಿದ್ರು. ಹ್ವಾದ ವರ್ಷ ಕೂಗಲೇ ಇಲ್ಲ. ಸೆರಗ ಸರಿ ಮಾಡಕೊಂಡು ಕುಂತಿದ್ದೆ, ಹಂಗ ಎದ್ದು ಬಂದೆ. ಈ ಸಲ ನಾ ಬರಲ್ಯಾ ಬ್ಯಾಡೋ, ಅಷ್ಟ ಹೇಳಿಬಿಡವಾ. ಬಂದು ಹಂಗ ಎದ್ದು ಬರೂದು ಇನ್ನೊಮ್ಮಿ ಆಗೂದಿಲ್ಲ ನನ್ನ ಕಡಿಂದ."

ಸೌಭಾಗ್ಯ ನೆಲ ನೋಡಿದಳು. ಹೋದ ವರ್ಷ ಹೆಸರು ಕೂಗುತ್ತಿದ್ದವಳು ಅವಳೇ. "ಪಟ್ಟಿಯೊಳಗ ಬಂದ್ರ ಕೂಗತೇನಿ, ಗುರುಬಸವ್ವ. ಯಾರ ಏನ ಅಂದ್ರೂ ಕೂಗತೇನಿ" ಎಂದಳು.

"ಬರ್ರಿ ಅಕ್ಕಾ. ನಿಮ್ಮ ಹೆಸರು ಇರತೈತಿ" ಎಂದಳು ಶಮಾ. ಮಾತು ಕೊಟ್ಟದ್ದಾಯಿತು.

ಅಟ್ಟಕ್ಕೆ ಬಂದವಳೇ ತನ್ನ ಜಾಣತನವನ್ನು ಕಿತ್ತೆಸೆದಳು. ವಿಧವೆ ಎಂಬ ಕಾಲಮಿನಲ್ಲಿ ಮನೆಯನ್ನು ಖಾಲಿ ಬಿಡಲು ಅವಕಾಶ ಮಾಡಿ, ಗುರುಬಸವ್ವನ ಸಾಲಿನಲ್ಲಿ ಆ ಮನೆಯನ್ನು ಬರಿದು ಮಾಡಿದಳು. ಹೌದೂ ಇಲ್ಲ, ಅಲ್ಲವೂ ಇಲ್ಲ. ಆಮೇಲೆ ಡೇಟಾಬೇಸನ್ನು ಕೇಳಿದಳು: ವಿಧವೆ 'ಅಲ್ಲ' ಎಂದಿರುವವರನ್ನೆಲ್ಲ ಕೊಡು. ಪಟ್ಟಿ ಬಂತು. ಸೀತವ್ವ ಇದ್ದಳು, ಉಳಿದವರೆಲ್ಲ ಇದ್ದರು. ಗುರುಬಸವ್ವ ಇರಲಿಲ್ಲ.

ಶಮಾ ಗಾಬರಿಯಾಗಿ ತಿರುಗಿಸಿ ಕೇಳಿದಳು: ವಿಧವೆ 'ಹೌದು' ಎಂದಿರುವವರನ್ನು ಕೊಡು. ಅದರಲ್ಲೂ ಗುರುಬಸವ್ವ ಇರಲಿಲ್ಲ.

ಎರಡೂ ಪಟ್ಟಿ ಕೂಡಿಸಿದರೆ ಸಂಘ ಪೂರ್ತಿಯಾಗಬೇಕು. ಒಬ್ಬ ಹೆಂಗಸು ಎರಡರ ನಡುವೆ ಜಾರಿಬಿದ್ದಿದ್ದಳು. ಡೇಟಾಬೇಸಿನ ತಪ್ಪಲ್ಲ ಅದು. ಅದರ ನ್ಯಾಯ ಅದಕ್ಕೆ. ಗೊತ್ತಿಲ್ಲದ್ದನ್ನು ಅದು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ, ಎರಡೂ ಪಟ್ಟಿಯಿಂದ ಸುಮ್ಮನೆ ಹೊರಗಿಡುತ್ತದೆ. ಶಮಾ ಕೈಕಟ್ಟಿ ಕುಳಿತಳು. ಊರೂ ಇವಳಿಗೆ ಇದನ್ನೇ ಮಾಡಿತ್ತಲ್ಲ ಎನ್ನಿಸಿತು. ಮುತ್ತೈದೆಯರ ನಡುವೆ ಕುಳಿತರೆ ಪಿಸುಮಾತು, ವಿಧವೆಯರ ನಡುವೆ ಕೂರಲು ಅವಳಿಗೆ ಮನಸ್ಸಿಲ್ಲ. ಯಾರೂ ಹೊರಗೆ ಹಾಕಲಿಲ್ಲ, ಯಾರೂ ಒಳಗೆ ಕರೆಯಲೂ ಇಲ್ಲ.

ಗುರುಬಸವ್ವನಿಗೆ ಗಂಡ ಇದ್ದಾನೆ ಎಂದು ತುಂಬಿಬಿಟ್ಟರೆ ಕೆಲಸ ಮುಗಿಯುತ್ತಿತ್ತು. ಒಂದು ಅಕ್ಷರದ ಕೆಲಸ. ಆದರೆ ಗೊತ್ತಿಲ್ಲ ಎಂದು ಬರೆ ಎಂದಿದ್ದಳು ಗುರುಬಸವ್ವ. ಆ ಮಾತನ್ನು ಅಳಿಸಿ ಅವಳಿಗೆ ಉಡಿ ಕೊಡಿಸುವುದು ಶಮಾಗೆ ಸರಿಕಾಣಲಿಲ್ಲ. ಪೋಸ್ಟ್‌ಗ್ರೆಸ್ಸಿನ ಮೂಲ ಕೈಪಿಡಿ ತೆಗೆದು ಓದಿದಳು. ತಾನು ಓದದೆ ಹಾರಿಸಿ, ಓದಿದವಳಂತೆ ಒಂದು ಸಾಲು ಬರೆದಿದ್ದ ಭಾಗವದು. ಅಲ್ಲಿ ದಾರಿ ಇತ್ತು. ಪ್ರಶ್ನೆಯನ್ನೇ ಬೇರೆ ರೀತಿ ಕೇಳಬೇಕು. ಯಾರು ವಿಧವೆಯರಲ್ಲ ಎಂದು ಕೇಳಬಾರದು. ಯಾರನ್ನು ವಿಧವೆ ಎಂದು ಯಾರೂ ಖಚಿತವಾಗಿ ಹೇಳಿಲ್ಲವೋ, ಅವರನ್ನೆಲ್ಲ ಕೊಡು ಎಂದು ಕೇಳಬೇಕು. ಹಾಗೆ ಕೇಳಿದಳು. ಪಟ್ಟಿಯ ನಡುವೆ ಗುರುಬಸವ್ವ ಬಂದಳು. ಆ ಮನೆ ಖಾಲಿ ಇದ್ದಂತೆಯೇ ಬಂದಳು.

ಶುಕ್ರವಾರ ತಿಕೋಟಾದ ಸಭಾಮಂಟಪ ಹಸಿರು ಸೀರೆಗಳಿಂದ ತುಂಬಿತ್ತು. ಸೌಭಾಗ್ಯ ಒಂದೊಂದೇ ಹೆಸರು ಕೂಗುತ್ತ ಬಂದಳು. ಮುಂದೆ ಬಂದ ಒಬ್ಬೊಬ್ಬಳೂ ಒಡಪು ಹಾಕಿ ಗಂಡನ ಹೆಸರು ಹೇಳಬೇಕು, ಆಮೇಲೆ ಉಡಿ. ಸೀತವ್ವ ಗುರುಪಾದಯ್ಯನ ಹೆಸರನ್ನು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಇನ್ನು ಯಾವ ಕಂಪ್ಯೂಟರೂ ಅವನನ್ನು ಸಾಯಿಸುವ ಧೈರ್ಯ ಮಾಡಲಿಕ್ಕಿಲ್ಲ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

ಗುರುಬಸವ್ವ ಬಾಗಿಲ ಪಕ್ಕದ ಕಂಬಕ್ಕೆ ಆತು ನಿಂತಿದ್ದಳು. ಒಳಗೆ ಬಂದು ಕೂತಿರಲಿಲ್ಲ.

"ಘೋಣಸಗಿ ಗುರುಬಸವ್ವ!" ನಿಲ್ಲದೆ, ತಡೆಯದೆ ಕೂಗಿದಳು ಸೌಭಾಗ್ಯ.

ಹಿಂದಿನಿಂದ ಯಾರೋ, "ಗಂಡ ಇಲ್ಲದಾಕಿಗೆ ಎಂಥಾ ಉಡಿನೋ ಯವ್ವಾ" ಎಂದರು.

ಸೌಭಾಗ್ಯ ತಟ್ಟೆ ಕೆಳಗಿಟ್ಟಳು. "ಇಲ್ಲ ಅಂತ ಯಾರ ಹೇಳ್ಯಾರ? ನಿನಗ ಗೊತ್ತೈತೇನ? ಗೊತ್ತಿದ್ರ ಎದ್ದು ಮುಂದ ಬಂದು ಹೇಳು. ಗೊತ್ತಿಲ್ಲಂದ್ರ ಬಾಯಿ ಮುಚಗೊಂಡು ಕುಂದ್ರು."

ಯಾರೂ ಏಳಲಿಲ್ಲ. ಗುರುಬಸವ್ವ ನಡೆದು ಬಂದು ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ಒಡಪು ಹಾಕು ಎಂದು ಅವಳಿಗೆ ಹೇಳುವ ಎದೆ ಯಾರಿಗೂ ಇರಲಿಲ್ಲ. ಅವಳೇ ತಲೆ ಬಗ್ಗಿಸಿ, ನಾಚಿಕೊಂಡು, ಹೊಸ ಮದುಮಗಳ ಸಣ್ಣ ದನಿಯಲ್ಲಿ ಹೇಳಿದಳು:

"ಜ್ವಾಳದ ರೊಟ್ಟಿ ಬಡದೀನಿ, ಹಂಚಿನ ಮ್ಯಾಲ ಹಾಕೀನಿ,
ಹ್ವಾದ ಹಾದಿ ನೋಡಕೋತ ಬಾಗಲ ತಗದಿಟ್ಟೀನಿ,
ಸಿದ್ದರಾಮರು ಎಲ್ಲಿದ್ರೂ ಉಂಡಿರಲಿ ಅಂತ ಉಡಿ ಒಡ್ಡೀನಿ."

ಸೌಭಾಗ್ಯ ಬೊಗಸೆ ತುಂಬ ಅಕ್ಕಿ ತೆಗೆದು ಅವಳ ಸೆರಗಿಗೆ ಹಾಕಿದಳು. ಸೀತವ್ವ ಮೂಗು ಒರೆಸಿಕೊಂಡಳು. ಹಿಂದಿನ ಸಾಲಿನಲ್ಲಿ ಖಚಿತವಾಗಿ ವಿಧವೆಯರಾದವರು ಖಾಲಿ ಸೆರಗು ಹೊದ್ದು ಕುಳಿತಿದ್ದನ್ನೂ ಶಮಾ ನೋಡಿದಳು. ಸಂಜೆ ಸೌಭಾಗ್ಯಳಿಗೆ ಹೇಳಿದಳು, "ಅಕ್ಕಾರ, ಬರೂ ವರ್ಷ ಆ ವಿಧವೆ ಕಾಲಂ ನೋಡದ ಪಟ್ಟಿ ತಗದಕೊಡಲ್ಯಾ?" ಸೌಭಾಗ್ಯ ಉಳಿದ ಅಕ್ಕಿಯನ್ನು ಚೀಲಕ್ಕೆ ತುಂಬುತ್ತ "ನೋಡೂಣು" ಎಂದಳು. ಅವಳ ನೋಡೂಣು ಎಂದರೆ ಬಹಳ ಸಲ ಆಗಲಿ ಎಂದೇ ಅರ್ಥ.

ಭಾನುವಾರ ಶಮಾ ತನ್ನ ಹಳೆಯ ಅಧ್ಯಾಯವನ್ನು ತೆರೆದು 'ನಲ್ ಎಂದರೆ ಇಲ್ಲ' ಎಂಬ ಸಾಲನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಬರೆದಳು: 'ನಲ್ ಎಂದರೆ ಇಲ್ಲ ಎಂದಲ್ಲ. ನಮಗೆ ಇನ್ನೂ ಗೊತ್ತಿಲ್ಲ ಎಂದು. ಇವೆರಡನ್ನು ಒಂದೇ ಎಂದು ತಿಳಿದು ನಾನು ಕೆಲವರನ್ನು ಅಳಿಸಿದ್ದೇನೆ. ನೀವು ಹಾಗೆ ಮಾಡಬೇಡಿ.'

ಅಷ್ಟರಲ್ಲಿ ಲಲಿತಾ ಫೋನು ಮಾಡಿದಳು. "ಶಮಾಕ್ಕಾ, ಗುರುಬಸವ್ವ ಅತ್ತಿ ಗಂಡನ ಹೆಸರ ಹೇಳ್ಯಾರಲ್ರಿ. ತುಂಬಲ್ಯಾ?"

"ನಾನ ತುಂಬತೇನಿ ಇಡು" ಎಂದಳು ಶಮಾ. ಗುರುಬಸವ್ವನ ಸಾಲು ತೆಗೆದು, ಗಂಡನ ಹೆಸರಿನ ಮನೆಯಲ್ಲಿ ಸಿದ್ದರಾಮ ಎಂದು ಬರೆದಳು. ಪಕ್ಕದ 'ವಿಧವೆ' ಕಾಲಮಿನ ಖಾಲಿ ಮನೆಯನ್ನು ಮುಟ್ಟಲಿಲ್ಲ.