ಅಣ್ಣನನ್ನು ಕರೆಯಲು ಹೋದ ತಂಗಿ

ಹುಕ್ಕೇರಿ ಪೇಟೆಯಲ್ಲಿ ಸೀರೆ ಅಂಗಡಿ ನಡೆಸುವ ದಾನೇಶ್ವರಿ ಹುಟ್ಟಿದ್ದು ಅತ್ತ ಮೂಡಲಗಿ ಕಡೆಯ ನಾಗನೂರಿನಲ್ಲಿ. ಅವಳು ಮದುವೆಯಾಗಿ ಬಂದಾಗ ಅದು ಗಂಡ ಸೋಮಶೇಖರನ ಅಂಗಡಿ. ಅವನಿಗೆ ಗಿರಾಕಿಗಳೊಂದಿಗೆ ಮಾತಾಡುವುದೆಂದರೆ ಬೇಸರ, ಇವಳಿಗೆ ಮಾತಾಡದಿದ್ದರೆ ಬೇಸರ. ಹೀಗಾಗಿ ಯಾರೂ ಗೊತ್ತುಮಾಡದೆಯೇ ಗಾದಿಯ ಮೇಲೆ ಅವಳು ಕೂತಳು. ಗಂಟು ಬಿಚ್ಚುವುದು, ಬ್ಯಾಂಕಿಗೆ ಅಡ್ಡಾಡುವುದು ಅವನ ಪಾಲಿಗೆ ಬಂತು.

ಅವಳು ಉಡುವ ಸೀರೆಗಳೆಲ್ಲ ತನ್ನ ಅಂಗಡಿಯವೇ, ಒಂದನ್ನು ಬಿಟ್ಟು. ಅದು ವರ್ಷವರ್ಷ ನಾಗರ ಪಂಚಮಿಗೆ ಅವಳನ್ನು ತವರಿಗೆ ಕರೆಯಲು ಬರುವಾಗ ಅಣ್ಣ ಪರಪ್ಪ ತರುತ್ತಿದ್ದ ಸೀರೆ. ಕಬ್ಬು, ಅರಿಷಿಣ ಬೆಳೆಯುವ ಆ ಮನುಷ್ಯ ಗೋಕಾಕದ ಬಜಾರದಲ್ಲಿ ಅರ್ಧ ದಿನ ಅಲೆದು, ಯಾರನ್ನೂ ಕೇಳದೆ ತನಗೆ ತೋಚಿದ್ದನ್ನು ಆರಿಸುತ್ತಿದ್ದ. ಎರಡು ಒಗೆತಕ್ಕೆ ಬಣ್ಣ ಬಿಡುವಂಥದ್ದು. ಸೀರೆ ಮಾರುವ ತಂಗಿ ಒಮ್ಮೆಯೂ ಆ ಮಾತು ಆಡಲಿಲ್ಲ.

ಅವನ ರಾಜದೂತ ಮೋಟರ್‌ಸೈಕಲ್ಲಿನ ಸದ್ದು ಓಣಿಯ ತಿರುವಿನಲ್ಲೇ ಗುರುತು ಸಿಗುತ್ತಿತ್ತು. ಚಹಾ ಕುಡಿಯುವಷ್ಟೂ ಪುರುಸೊತ್ತು ಕೊಡದೆ, "ಏಳ ದಾನವ್ವಾ, ಅವ್ವ ದಾರಿ ನೋಡಾಕತ್ತಾಳ" ಎನ್ನುವನು. ಘಟಪ್ರಭೆಯ ಸೇತುವೆ ಬಂದಾಗ ಗಾಡಿ ನಿಲ್ಲಿಸಿ, ಕೆಂಪು ನೀರು ತೋರಿಸಿ, ಈ ಸಲದ ಮಳೆಯ ಕತೆಯನ್ನೆಲ್ಲ ಹೇಳುವನು. ಮನೆಯಲ್ಲಿ ಶೇಂಗಾದ ಉಂಡಿ, ತಂಬಿಟ್ಟು, ಹುರಿದ ಜೋಳದ ಅಳ್ಳು. ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ. ಎರಡು ಮಕ್ಕಳ ತಾಯಾದ ಮೇಲೂ ಅದರ ಮೇಲೆ ನಿಂತು ಜೀಕುತ್ತಿದ್ದ ದಾನೇಶ್ವರಿ, ಬಜಾರದ ಗಾದಿಯನ್ನು ಪೂರ್ತಿ ಮರೆತುಬಿಡುತ್ತಿದ್ದಳು. ಅವ್ವ ತೀರಿಕೊಂಡ ಮೇಲೂ ಅತ್ತಿಗೆ ಈ ಪದ್ಧತಿಗೆ ಚ್ಯುತಿ ಬರಗೊಡಲಿಲ್ಲ.

ಆಮೇಲೆ ಅತ್ತಿಗೆಯೂ ಹೋದಳು. ಮರುವರ್ಷ ಪರಪ್ಪ ಹೊಲದ ಬದುವಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ. ಆಪರೇಷನ್ ಆಯಿತು. ಹೊಲವನ್ನು ದಾಯಾದಿ ರಾಚಪ್ಪನಿಗೆ ಪಾಲಿಗೆ ಕೊಟ್ಟು, ಮಗಳು ಸುವರ್ಣಾ ಅವನನ್ನು ದಿಲ್ಲಿಗೆ ಕರೆದೊಯ್ದಳು. ಅವಳ ಗಂಡನಿಗೆ ಅಲ್ಲಿ ರೇಲ್ವೆಯಲ್ಲಿ ನೌಕರಿ. ರೈಲಿನ ಪಾಸಿಗೇನೂ ಕೊರತೆಯಿರಲಿಲ್ಲ. ಆದರೆ ಅಷ್ಟು ಹೊತ್ತು ಕೂತು ಬರಲು ಪರಪ್ಪನ ಸೊಂಟ ಒಪ್ಪುತ್ತಿರಲಿಲ್ಲ. ಪಂಚಮಿಗಳು ಬಂದು ಹೋದವು. ದಾನೇಶ್ವರಿ ಉಂಡಿ ಕಟ್ಟುತ್ತಿದ್ದಳು, ಹಾಲೆರೆಯುತ್ತಿದ್ದಳು. ಓಣಿಯಲ್ಲಿ ಮೋಟರ್‌ಸೈಕಲ್ಲಿನ ಸದ್ದಾದರೆ ಕೈ ತಾನಾಗಿ ನಿಲ್ಲುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ, ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಘಾ ಅಂಗಡಿಗೆ ಬಂದಳು. ತಂಗಿಯ ಮದುವೆಗೆ ಸೀರೆ ಬೇಕಿತ್ತು. ಸೀರೆ ನೋಡುತ್ತ ನೋಡುತ್ತ ಕೇಳಿದಳು:

"ಅಕ್ಕಾರ, ಶ್ರಾವಣದ ಮಾಲಿಗೆ ಸೂರತ್ತಿನವರಿಗೆ ರೊಕ್ಕ ಹೆಂಗ ಕೊಡ್ತೀರಿ? ವಿಮಾನದ ಕಂಪನಿ ಹೆಸರಿಲೆ ನಮ್ಮಲ್ಲಿ ಒಂದ ಕ್ರೆಡಿಟ್ ಕಾರ್ಡ ಬಂದೈತ್ರಿ. ಶುರುವಿನ ತಿಂಗಳದಾಗ ಅವರು ಹೇಳಿದಷ್ಟ ಖರೀದಿ ಮಾಡಿದ್ರ ಸ್ವಾಗತದ ಮೈಲ್ಸ ಅಂತ ಪಾಯಿಂಟ ಕೊಡ್ತಾರ್ರಿ. ಅವನ್ನ ಕೊಟ್ಟು ವಿಮಾನದ ಟಿಕೀಟ ತಗೋಬಹುದು."

"ಪುಕ್ಕಟ ಯಾರ ಕೊಡ್ತಾರವ್ವಾ?"

"ಪೂರಾ ಪುಕ್ಕಟಲ್ರಿ. ವರ್ಷದ ಫೀ ಐತಿ. ಟಿಕೀಟಿನ ಮ್ಯಾಲಿನ ತೆರಿಗಿ ನೀವ ಕಟ್ಟಬೇಕು. ಬಿಲ್ ಬಂದ ಕೂಡಲೆ ಎಲ್ಲಾ ತೀರಿಸಬೇಕು, ಇಲ್ಲಾಂದ್ರ ಬಡ್ಡಿ ಬಂದು ಆ ಮೈಲ್ಸನ್ನ ನುಂಗಿ ಹಾಕತೈತಿ. ಮತ್ತ ಮೈಲ್ಸಿನ ಆಶಾಕ ಬ್ಯಾಡಾದ್ದ ಖರೀದಿ ಮಾಡಬ್ಯಾಡ್ರಿ. ಹೆಂಗೂ ಕೊಳ್ಳೂ ಮಾಲಿದ್ರ ಅಷ್ಟ ಲಾಭ."

ದಾನೇಶ್ವರಿ ಕಾರ್ಡು ಮಾಡಿಸಿ, ಹೆಂಗೂ ಕೊಳ್ಳುವ ಮಾಲನ್ನೇ ಅದರ ಮೇಲೆ ಕೊಂಡಳು. ಮಳೆ ಹಿಡಿಯುವ ಹೊತ್ತಿಗೆ ಮೈಲ್ಸು ಜಮೆಯಾದವು. ಸೋಮಶೇಖರ ಮೊಬೈಲಿನಲ್ಲಿ ಅವುಗಳಿಗೆ ಏನೇನು ಸಿಗುತ್ತದೆಂದು ನೋಡುತ್ತ ಕೂತ. ಮಿಕ್ಸರ್ ಇತ್ತು, ಕೈಗಡಿಯಾರ ಇತ್ತು. ಗಾಲಿಯ ಒಂದು ಸೂಟ್‌ಕೇಸು ಅವನ ಮನಸ್ಸಿಗೆ ಬಂದುಬಿಟ್ಟಿತು.

ಮೇಘಾ ಕೇಳಿ ನಕ್ಕಳು. "ಕಾಕಾ, ಆ ಸೂಟ್‌ಕೇಸ ಬೆಳಗಾವಿ ಖಡೇ ಬಜಾರದಾಗ ಈ ಮೈಲ್ಸಿನ ಕಿಮ್ಮತ್ತಿನ ಕಾಲುಭಾಗಕ್ಕ ಸಿಗತೈತಿ. ಮೈಲ್ಸನ್ನ ಸಾಮಾನಿಗೆ ಹಾಕಿದ್ರ ಕಿಮ್ಮತ್ತ ಬರೂದಿಲ್ಲ. ಟಿಕೀಟಿಗೆ ಹಾಕ್ರಿ. ಅದೂ ಮಂದಿ ಎಲ್ಲಾ ಹೊಂಟು ದರಾ ಏರಿರತೈತಲ್ಲ, ಅಂಥಾ ಹೊತ್ತಿನ್ಯಾಗ. ಆದ್ರ ಲಗೂನ ತಗೀಬೇಕು. ಮೈಲ್ಸಿಗೆ ಕೊಡೂ ಸೀಟ ಭಾಳ ಇರೂದಿಲ್ಲ."

"ಈ ಸಲ ದರಾ ಯಾವಾಗ ಏರತೈತಿ?" ಎಂದಳು ದಾನೇಶ್ವರಿ.

"ಆಗಸ್ಟ್ ಹದಿನೈದರ ರಜಾದಾಗ್ರಿ. ಅದರ ಬಾಜೂಕ ಪಂಚಮಿ ಬಂದೈತಿ."

ದಾನೇಶ್ವರಿ ಮಡಿಸುತ್ತಿದ್ದ ಸೀರೆಯನ್ನು ಹಾಗೇ ಬಿಟ್ಟಳು. ಬೆಳಗಾವಿಯಿಂದ ದಿಲ್ಲಿಗೆ ಮೂರು ತಾಸೂ ಹಿಡಿಯದ ನೇರ ವಿಮಾನವಿರುವುದು ಅವಳಿಗೂ ಗೊತ್ತಿತ್ತು. ಇದ್ದ ಮೈಲ್ಸಿಗೆ ಮೂರು ಟಿಕೀಟು ಆಗುತ್ತಿದ್ದವು: ಹೋಗಲು ಒಂದು, ಬರಲು ಎರಡು. ಸೋಮಶೇಖರ, "ಇಬ್ರೂ ಕೂಡಿ ಗೋವಾದಾಗರ ಅಡ್ಡಾಡಿ ಬರೂಣಲ್ಲ" ಎಂದು ಎರಡು ದಿನ ಎಳೆದಾಡಿದ. ಅಷ್ಟರಲ್ಲಿ ಬೇಕಾದ ದಿನದ ಸೀಟು ಹೋಗಿಬಿಟ್ಟವು. ಉಳಿದವು ವಾರ ಮುಂಚಿನವು. ಸರಿಯಾಗಿ ಶ್ರಾವಣದ ವ್ಯಾಪಾರದ ಹೊತ್ತು.

"ಅಂಗಡಿ?" ಎಂದ ಅವನು.

"ನೀವ ಕುಂಡ್ರಿ. ನಾಕ ದಿನ ಗಿರಾಕಿ ಕೂಡ ಮಾತಾಡ್ರಿ, ಏನೂ ಆಗೂದಿಲ್ಲ."

ಟಿಕೀಟು ತೆಗೆದ ಮೇಲೆಯೇ ಅಣ್ಣನಿಗೆ ಫೋನು ಮಾಡಿದಳು.

"ಅಣ್ಣಾ, ಪಂಚಮಿಗೆ ಕರಿಯಾಕ ಬರಾಕತ್ತೇನಿ."

"ಯಾರನ್ನ ಕರಿಯಾಕ?"

"ನಿನ್ನ."

ಆ ಕಡೆ ಪರಪ್ಪ ನಕ್ಕ. ಆಮೇಲೆ ಸಿಟ್ಟಿಗೆದ್ದ. "ಹುಚ್ಚಿ ಅದಿಯೇನ? ಅಣ್ಣಾದಾಂವ ತಂಗೀನ ಕರಿಯಾಕ ಹೋಗಬೇಕು. ತಂಗಿ ಬಂದು ಕರಕೊಂಡ ಹೋದ್ರ ಮಂದಿ ಏನಂದಾರು?"

"ದಿಲ್ಲಿಯೊಳಗ ನಮ್ಮ ಮಂದಿ ಯಾರ ಅದಾರ ಅನ್ನಾಕ?"

"ನನಗ ಉಂಡಿ ತರಬ್ಯಾಡ. ಅಲ್ಲೇ ಬಂದ ತಿಂತೇನಿ" ಎಂದ.

ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ವಿಮಾನ ಏರಿದಾಗ ದಾನೇಶ್ವರಿ ಕಿಟಕಿಗೆ ಹಣೆ ಹಚ್ಚಿ ಹುಕ್ಕೇರಿ ಎಲ್ಲಿದೆಯೆಂದು ಹುಡುಕಿದಳು. ಕಬ್ಬಿನ ಹಸಿರು, ಕೆಂಪು ಹಂಚು, ನಡುವೆ ಒಂದು ಹೊಳೆ. ಅದು ಘಟಪ್ರಭೆಯೋ ಮಾರ್ಕಂಡೇಯವೋ ತಿಳಿಯುವ ಮೊದಲೇ ಮೋಡ ಮುಚ್ಚಿತು.

ದಿಲ್ಲಿಯ ಮನೆಯಲ್ಲಿ ಬಾಗಿಲು ತೆಗೆದ ಸುವರ್ಣಾ, "ಅತ್ತಿ, ಅಪ್ಪ ಮೂರ ದಿನದಿಂದ ಚೀಲಾ ಕಟಗೊಂಡ ಕುಂತಾನ ನೋಡ" ಎಂದಳು. ಪರಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು, ಗಾಂಧಿ ಟೊಪ್ಪಿಗೆ ಹಾಕಿಕೊಂಡು ಬಾಲ್ಕನಿಯಲ್ಲಿ ಕುಳಿತಿದ್ದ. ತೆಳ್ಳಗಾಗಿದ್ದ. ಮಗಳು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ಆದರೆ ಮೊಮ್ಮಕ್ಕಳದು ಹಿಂದಿ. ಮಗಳು ಕೆಲಸಕ್ಕೆ ಹೋದರೆ ಸಂಜೆಯ ತನಕ ಅವನ ಬಾಯಲ್ಲಿ ಮಾತೇ ಇಲ್ಲ. ತಂಗಿ ಬಂದದ್ದೇ ತಡ, ನಾಗನೂರಿನ ಒಂದೊಂದು ಮನೆಯವರನ್ನೂ ಹೆಸರು ಹಿಡಿದು ವಿಚಾರಿಸಿದ. ಸತ್ತವರ ಸುದ್ದಿ ಬಂದಾಗ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ.

ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಂದಾಗ ಅವನಿಗೆ ನಾಚಿಕೆಯಾಯಿತು. ಉದ್ದನೆಯ ಸಾಲನ್ನು ದಾಟಿಸಿ ಅವನನ್ನೇ ಮುಂದೆ ಕರೆದೊಯ್ದಾಗ, "ಮದುಮಗನ ಮೆರವಣಿಗಿ ಆತಲ್ಲೇ ಇದು" ಎಂದು ಬೀಗಿದ. ವಿಮಾನ ನೆಲ ಬಿಡುವಾಗ ಮಾತ್ರ ತಂಗಿಯ ಕೈ ಗಟ್ಟಿಯಾಗಿ ಹಿಡಿದ. ಆ ಕೈಯಲ್ಲಿ ನೇಗಿಲು ಹಿಡಿದ ಗಡಸು ಉಳಿದಿರಲಿಲ್ಲ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಹುಕ್ಕೇರಿಗೆ ಬಂದರೆ, ಅಂಗಡಿಯ ಹಿಂದಿನ ಪಡಸಾಲೆಯ ತೊಲೆಗೆ ಸೋಮಶೇಖರ ಜೋಕಾಲಿ ಕಟ್ಟಿದ್ದ. ಯಾರೂ ಹೇಳಿರಲಿಲ್ಲ. "ಮಾವಾರಿಗೆ ಕುಂಡ್ರಾಕ ಬೇಕಲ್ಲ, ಅದಕ್ಕ ತಗ್ಗ ಕಟ್ಟೇನಿ" ಎಂದ ಅವನ ಗಂಟಲು ನಾಲ್ಕು ದಿನ ಗಿರಾಕಿಗಳೊಂದಿಗೆ ಮಾತಾಡಿ ಬಿದ್ದುಹೋಗಿತ್ತು. ಪಂಚಮಿಯ ದಿನ ಹಾಲೆರೆದ ಮೇಲೆ ಪರಪ್ಪ ಜೋಕಾಲಿಯ ಮೇಲೆ ಕುಳಿತ, ದಾನೇಶ್ವರಿ ಮೆಲ್ಲಗೆ ತೂಗಿದಳು. ನೋಡಲು ಬಂದ ಓಣಿಯ ಹೆಂಗಸರು ನಕ್ಕರು. ಅವನೂ ನಕ್ಕ.

ಮರುದಿನ ನಾಗನೂರಿಗೆ ಹೋದರು. ರಾಚಪ್ಪ ಹಿಡಿದ ತೋಳಿನ ಆಸರೆಯಲ್ಲಿ ಪರಪ್ಪ ಅರಿಷಿಣದ ಹೊಲದ ಬದುವಿಗೆ ಬಂದು ನಿಂತ. ಒಂದು ಎಲೆ ಹರಿದು, ಅಂಗೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದ.

ತಿರುಗಿ ಬರುವಾಗ ಕಾರಿನಲ್ಲಿ ಕೇಳಿದ: "ದಾನವ್ವಾ, ನನ್ನ ವಾಪಸ್ ಟಿಕೀಟ ಎಂದಿಂದ ಐತಿ?"

"ತಗದಿಲ್ಲ. ಮೈಲ್ಸ ಮುಗದಾವು."

"ಮತ್ತ ಹೆಂಗ?"

"ಕೂಡಿಸಬೇಕು. ಸೀರಿ ಮಾರಿದಂಗ ಮಾಲ ತರೂದು, ಮಾಲ ತಂದಂಗ ಮೈಲ್ಸ."

ಪರಪ್ಪ ಕಿಟಕಿಯ ಹೊರಗೆ ನೋಡಿದ. "ಅವಸರ ಏನಿಲ್ಲ" ಎಂದ.

ದಿಲ್ಲಿಯ ಚಳಿ ಕಳೆದು, ಹೋಳಿ ಹುಣ್ಣಿಮೆ ಮುಗಿದ ಮೇಲೆ ಸುವರ್ಣಾ ಬಂದು ಅಪ್ಪನನ್ನು ಕರೆದೊಯ್ದಳು. ಅಲ್ಲಿಯ ತನಕ ಅವನು ದಿನಾ ಮುಂಜಾನೆ ಅಂಗಡಿಯಲ್ಲಿ ಕೂತು, ಗೋಕಾಕ ಕಡೆಯ ಗಿರಾಕಿ ಬಂದರೆ ಮಳೆ ಬೆಳೆ ವಿಚಾರಿಸಿ, ಸೀರೆಯ ಬಣ್ಣದ ಬಗ್ಗೆ ತನ್ನ ಅಭಿಪ್ರಾಯವನ್ನೂ ಧಾರಾಳವಾಗಿ ಕೊಡುತ್ತಿದ್ದ. ಅವನು ಹೇಳಿದ ಸೀರೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ದಾನೇಶ್ವರಿ ಆ ಸೀರೆಗಳನ್ನು ಬೇರೆಯಾಗಿ ತೆಗೆದಿಟ್ಟು, ಒಂದೊಂದಾಗಿ ತಾನೇ ಉಟ್ಟಳು.