ಎದ್ದು ನಿಂತವನ ಹಾಸಿಗೆ

ದೊಡ್ಡಕ್ಕನಿಗೆ ಬರಬೇಕಾದ ಒಂದು ವರ್ಷದ ಹೆಚ್ಚುವರಿ ಪಾಳಿಯ ಕೂಲಿ ಇನ್ನೂ ಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಹೇಳಿದರೆ ಓದಿದವರು ಅಯ್ಯೋ ಪಾಪ ಎಂದು ಮಗ್ಗುಲು ಬದಲಿಸುತ್ತಾರೆ, ಕೂಲಿ ಇದ್ದಲ್ಲೇ ಇರುತ್ತದೆ.

ಆರೈಕೆ ಮನೆಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಾರೆ, ತೊಂಬತ್ತು ದಾಟಿದವರೂ. ಅವಳಿಗೆ ಅರವತ್ತೆರಡು. ಅವಳು ಕೆಲಸಕ್ಕೆ ಸೇರಿದಾಗ ಆ ಮಹಡಿಯಲ್ಲಿ ಹಾಸಿಗೆ ಕಡಿಮೆ, ಕೈಗಳು ಹೆಚ್ಚು. ಈಗ ಹಾಸಿಗೆ ಇಮ್ಮಡಿಯಾಗಿವೆ, ಪಾಳಿಗೆ ಮೂವರು ಕೆಲಸದವರಿದ್ದಾರೆ, ಆ ಮೂವರಲ್ಲಿ ಇಬ್ಬರಿಗೆ ಮಂಡಿನೋವು. ಬೆಳಿಗ್ಗೆ ಹಾಸಿಗೆಯ ಹೊದಿಕೆ ಬದಲಿಸುವಾಗ ಯಾರ ಮೂಳೆ ಲಟಕ್ ಎಂದಿತು, ಮಲಗಿದವರದೋ ಎತ್ತಿದವರದೋ ಎಂದು ಹೇಳುವುದು ಕಷ್ಟ.

ದೊಡ್ಡಕ್ಕನಿಗೆ ಒಂದು ಚಟ. ಯಾರಿಗೂ ಬೇಗ ತಿನ್ನಿಸುವುದಿಲ್ಲ. ಚಮಚ ಮುದುಕರ ಕೈಗೇ ಕೊಟ್ಟು, ತನ್ನೆರಡು ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಎದುರಿಗೆ ಕೂರುತ್ತಾಳೆ. ಹಾಗೆ ಕೂರದಿದ್ದರೆ ಕೈ ತಾನಾಗಿ ಸಹಾಯಕ್ಕೆ ಹೋಗಿಬಿಡುತ್ತದಂತೆ. ಸಾರು ಅಂಗಿಗೆ ಚೆಲ್ಲಲಿ, ನೆಲಕ್ಕೆ ಚೆಲ್ಲಲಿ, ಅವಳು ಅಲ್ಲಾಡುವುದಿಲ್ಲ. ನೋಡಿದವರು ಇವಳಿಗೆ ಕರುಣೆಯೇ ಇಲ್ಲ ಎನ್ನುತ್ತಾರೆ. ಇರಬಹುದು. ಆದರೆ ಅವಳ ಸಾಲಿನವರು ಮೂರು ತಿಂಗಳಲ್ಲಿ ಗುಂಡಿ ಹಾಕಿಕೊಳ್ಳುತ್ತಾರೆ, ಆರು ತಿಂಗಳಲ್ಲಿ ಚಹಾ ಚೆಲ್ಲದೆ ಕುಡಿಯುತ್ತಾರೆ, ಆಮೇಲೆ ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಜಗಳ ತೆಗೆಯುತ್ತಾರೆ. ಜಗಳ ತೆಗೆದರೆ ಗುಣವಾಯಿತು ಎಂದೇ ಅವಳ ಲೆಕ್ಕ.

ಕಂಡಕ್ಟರ್ ಮಾವ ಬಂದದ್ದು ಸ್ಟ್ರೆಚರಿನಲ್ಲಿ. ಎಂಬತ್ತೇಳು ವಯಸ್ಸು, ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತಿಲ್ಲ. ಎರಡು ತಿಂಗಳ ಮೇಲೆ, ಮುಖ ಒರೆಸುತ್ತಿದ್ದ ದೊಡ್ಡಕ್ಕನನ್ನು ನೋಡಿ ಮೊದಲ ಮಾತಾಡಿದ: "ಚಿಲ್ಲರೆ ಕೊಡಿ."

"ಇಲ್ಲ ಮಾವ."

"ಹಾಗಾದ್ರೆ ಇಳೀರಿ."

ಅವಳಿಗೆ ದಾರಿ ಸಿಕ್ಕಿತು. ಉದ್ದ ಓಣಿಯನ್ನು ಬಸ್ಸು ಮಾಡಿದಳು. ಗೋಡೆಯ ಕಬ್ಬಿಣದ ಸರಳೇ ಹಿಡಿಕೆ. ಅವನ ಹಾಸಿಗೆ ಡಿಪೋ, ಬಟ್ಟೆ ಬೀರು ಮೊದಲ ಸ್ಟಾಪು, ಕಿಟಕಿ ಎರಡನೆಯದು, ಕಕ್ಕಸು ಮೂರನೆಯದು. ಮಾವ ಎಡಗೈಯಲ್ಲಿ ಸರಳು ಹಿಡಿದು ಕಾಲೆಳೆಯುತ್ತಾ ಹೋಗುವುದು, ದೊಡ್ಡಕ್ಕ ಹಿಂದೆ ಪ್ರಯಾಣಿಕಳು. ಸ್ಟಾಪು ಬಂದಾಗ ಅವನು ಕೂಗಬೇಕು. ಕೂಗದಿದ್ದರೆ ಅವಳು ಬೆನ್ನಿಗೆ ತಿವಿಯುತ್ತಿದ್ದಳು: "ಏನ್ರೀ ಕಂಡಕ್ಟರ್ರೇ, ನನ್ನ ಸ್ಟಾಪು ತಪ್ಪಿಸಿದ್ರಲ್ಲ!" ಒಂದೂವರೆ ವರ್ಷಕ್ಕೆ ಬಸ್ಸು ಓಣಿಯ ಕೊನೆಯ ಬಾಗಿಲು ಮುಟ್ಟಿತು.

ಅಲ್ಲಿಂದಲೇ ತೊಂದರೆ ಶುರುವಾಯಿತು.

ಆರೈಕೆ ಮನೆಗೆ ಸರ್ಕಾರದ ದುಡ್ಡು ತಲೆ ಎಣಿಸಿ ಬರುವುದಿಲ್ಲ, ತೂಗಿ ಬರುತ್ತದೆ. ಮೈತೂಕವಲ್ಲ. ಒಬ್ಬರನ್ನು ನೋಡಿಕೊಳ್ಳುವುದು ಎಷ್ಟು ಕಷ್ಟ ಎನ್ನುವ ತೂಕ. ತಾವೇ ಉಂಡು ತಾವೇ ಓಡಾಡುವವರು ಹಗುರ. ಎತ್ತಬೇಕಾದವರು, ತಿನ್ನಿಸಬೇಕಾದವರು ಭಾರ. ಭಾರಕ್ಕೆ ಹೆಚ್ಚು, ಹಗುರಕ್ಕೆ ಕಡಿಮೆ. ಇಲ್ಲಿಯವರೆಗೆ ನ್ಯಾಯವೇ. ಆದರೆ ಮುದುಕರು ಹೆಚ್ಚಾದರು, ತೆರಿಗೆ ಕಟ್ಟುವ ವಯಸ್ಸಿನವರು ಕಡಿಮೆಯಾದರು, ಹಾಸಿಗೆಗೆ ಕಾಯುವವರ ಸಾಲು ಬೀದಿಗೆ ಬಂತು. ಅದಕ್ಕೊಂದು ಹೊಸ ನಿಯಮ ಬಂತು: ಹಗುರಾದವರಿಗೆ ಹಾಸಿಗೆಯೇ ಇಲ್ಲ, ಮನೆಗೆ ಹೋಗಲಿ. ಮನೆ ಎಷ್ಟನೇ ಮಹಡಿಯಲ್ಲಿದೆ, ಹಿಡಿದು ನಡೆಸುವವರು ಯಾರು ಎಂದು ನಿಯಮ ಕೇಳಲಿಲ್ಲ. ನಿಯಮಕ್ಕೆ ಮಂಡಿ ಇಲ್ಲ.

ಕಂಡಕ್ಟರ್ ಮಾವನಿಗೆ ಇರುವುದು ಒಬ್ಬಳೇ ಮಗಳು. ಅವಳಿಗೆ ಅರವತ್ತೈದು, ಸೊಂಟದ ಕೀಲು ಬದಲಿಸಿಕೊಂಡವಳು, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದೂವರೆ ಕೋಣೆ. ಭಾನುವಾರ ಕೋಲೂರಿಕೊಂಡು ಬರುತ್ತಿದ್ದಳು. "ಮನೆಗೆ ಕಳಿಸಿದ್ರೆ ಅಪ್ಪನ್ನ ನಾನು ಹಿಡ್ಕೋಬೇಕೋ, ನನ್ನನ್ನ ಅಪ್ಪ ಹಿಡ್ಕೋಬೇಕೋ?" ಎಂದು ಕೇಳಿದ್ದಳು.

ಸರ್ಕಾರದವರು ತೂಗಲು ಬರುವುದಕ್ಕೆ ಒಂದು ವಾರ ಇರುವಾಗ ಮೇನೇಜರ್ ಅವಳನ್ನು ಕೋಣೆಗೆ ಕರೆದ. ಅವಳ ಮಗನ ವಯಸ್ಸಿನವನು. ಪ್ರತಿ ಮಾತಿಗೂ ಮೊದಲು 'ಉಸ್ಸಪ್ಪಾ' ಎಂದು ಉಸಿರು ಬಿಡುವುದರಿಂದ ಉಸ್ಸಪ್ಪ ಎಂದೇ ಅವನ ಹೆಸರು ಬಿದ್ದಿತ್ತು. ಕೆಟ್ಟವನಲ್ಲ. ಕೆಟ್ಟವನಾಗುವಷ್ಟು ದುಡ್ಡು ಅವನ ಕೈಗೆ ಯಾವತ್ತೂ ಬಂದಿರಲಿಲ್ಲ.

"ಉಸ್ಸಪ್ಪಾ... ದೊಡ್ಡಕ್ಕಾ, ಮಾವ ನಡೀತಿದಾರೆ."

"ಹೂಂ. ನಿನ್ನೆ ಬಾಗಿಲು ಮುಟ್ಟಿ ಬಂದ್ರು."

"ಅದೇ ಹೇಳ್ತಿರೋದು. ನಡೀಬಾರದು."

"ಕಾಲು ನನ್ನದಲ್ಲಪ್ಪ."

"ತೂಕದ ದಿನ ಒಂದು ಗಂಟೆ ಮಲಗಿರಲಿ ಸಾಕು. ಮಲಗಿದ್ರೆ ಹಾಸಿಗೆ ಉಳಿಯುತ್ತೆ. ಎದ್ರೆ ತಿಂಗಳ ಕೊನೆಗೆ ಮನೆಗೆ. ನಿಮ್ಮ ಬಾಕಿನೂ ಇದೇ ದುಡ್ಡಲ್ಲೇ ಬರ್ಬೇಕಲ್ವಾ?"

"ನನ್ನ ಬಾಕಿನ ನಡುವೆ ತರಬೇಡ. ಅದು ಏಳು ತಿಂಗಳಿಂದ ಮಲಗೇ ಇದೆ, ಅದಕ್ಕೆ ಯಾವ ಸರ್ಕಾರನೂ ಹೆಚ್ಚಿಗೆ ಕೊಟ್ಟಿಲ್ಲ."

ಬೈದಳು, ಆದರೆ ಒಪ್ಪಿದಳು. ಮೂರನೇ ಮಹಡಿಯ ಮೆಟ್ಟಿಲು ಕಣ್ಣಮುಂದೆ ಬಂದಿತ್ತು. ಏಳುವುದನ್ನು ಕಲಿಸಿದ ಬಾಯಿಂದಲೇ ಮಲಗುವುದನ್ನು ಕಲಿಸಲು ಹೋದಳು. ಮಾವನಿಗೆ ಅವಮಾನವಾಯಿತು.

"ನನ್ನ ಸರ್ವಿಸಲ್ಲಿ ಒಂದು ಸುಳ್ಳು ಟಿಕೆಟ್ ಹರಿದಿಲ್ಲ ನಾನು."

"ಟಿಕೆಟ್ಟು ಸರಿಯಾಗೇ ಇದೆ ಮಾವ. ಸೀಟು ಕಿತ್ಕೋತಾರೆ, ಅಷ್ಟೇ."

ಮಾವ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡ. "ಕಣ್ಣು ಮುಚ್ಕೋಬೇಕಾ?"

"ಅಷ್ಟೊಂದು ಬೇಡ. ಸತ್ರೂ ಹಾಸಿಗೆ ಖಾಲಿ ಮಾಡಿಸ್ತಾರೆ."

ತೂಕದ ದಿನ ಉಸ್ಸಪ್ಪ ಬೆಳಿಗ್ಗೆಯೇ ಬಂದು ಕೋಣೆಯ ಸುತ್ತ ಕಣ್ಣಾಡಿಸಿದ. ಚಪ್ಪಲಿ ಮಂಚದಡಿ ತಳ್ಳಿಸಿದ. ಕೋಲನ್ನು ಬೀರುವಿನ ಹಿಂದೆ ಇಡಿಸಿದ. ಆಮೇಲೆ ಕುರ್ಚಿಯ ಮೇಲೆ ಕಣ್ಣು ಬಿತ್ತು. "ಕುರ್ಚಿ ಇದ್ರೆ ಎದ್ದು ಕೂರ್ತಾರೆ ಅಂತ ಗೊತ್ತಾಗುತ್ತೆ," ಎಂದು ಅದನ್ನು ತಾನೇ ಹೊತ್ತು ಹೊರಗಿಟ್ಟ. ಪಕ್ಕದ ಹಾಸಿಗೆಗಳ ಹತ್ತಿರದ ಕುರ್ಚಿಗಳೂ ಹೋದವು. ಇಷ್ಟು ಬುದ್ಧಿ ಖರ್ಚು ಮಾಡಿದ್ದು ಅವನ ನೌಕರಿಯಲ್ಲೇ ಮೊದಲು.

ತೂಗುವವಳು ಬಂದಳು. ಅವಳಿಗೂ ಅರವತ್ತು ಮೀರಿತ್ತು. ಆ ಕೆಲಸಕ್ಕೆ ಹೊಸಬರು ಸಿಗದೆ ನಿವೃತ್ತಿಯ ವಯಸ್ಸನ್ನು ಮುಂದಕ್ಕೆ ತಳ್ಳಿದ್ದರು. ಆರೈಕೆ ಮನೆಯ ಲಿಫ್ಟು ಕೆಟ್ಟು ನಿಂತಿತ್ತು, ದುರಸ್ತಿಯ ದುಡ್ಡು ಅವಳು ತೂಗಿದ ಮೇಲೆ ಬರಬೇಕಿತ್ತು. ಮೆಟ್ಟಿಲು ಹತ್ತಿ ಬಂದವಳ ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿತ್ತು. ಒಳಗೆ ಬಂದು ಕುರ್ಚಿಗಾಗಿ ಆಚೀಚೆ ನೋಡಿದಳು. ಉಸ್ಸಪ್ಪ ಚಾವಣಿ ನೋಡಿದ.

ನಿಂತೇ ಶುರುಮಾಡಿದಳು.

"ಅಜ್ಜಾ, ಕೈ ಎತ್ತಿ ನೋಡೋಣ."

ಮಾವ ಚಾವಣಿಯನ್ನೇ ನೋಡಿದ. ಅವಳೇ ಕೈ ಎತ್ತಿ ಬಿಟ್ಟಳು. ಕೈ ಹಾಸಿಗೆಯ ಮೇಲೆ ಧೊಪ್ಪನೆ ಬಿತ್ತು. ದೊಡ್ಡಕ್ಕನೇ ಒಂದು ಕ್ಷಣ ನಂಬಿಬಿಟ್ಟಳು, ಅಷ್ಟು ಚೆನ್ನಾಗಿ ಬಿದ್ದಿತ್ತು.

"ಊಟ?"

"ತಿನ್ನಿಸ್ಬೇಕು," ಎಂದ ಉಸ್ಸಪ್ಪ.

"ನಡಿಗೆ?"

"ಉಸ್ಸಪ್ಪಾ... ಎಲ್ಲಿಯ ನಡಿಗೆ ಮೇಡಂ."

ತೂಗುವವಳು ಬರೆದುಕೊಂಡಳು. ಕೆಲಸ ಮುಗಿದ ಹಾಗೇ ಇತ್ತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿ, ಹಲ್ಲು ಕಚ್ಚಿ, ಬೀಳದಿರಲು ಮಂಚದ ಸರಳನ್ನು ಮೇಲಿನಿಂದ ಹಿಡಿದುಕೊಂಡಳು. ಬಸ್ಸಿನಲ್ಲಿ ಸೀಟು ಸಿಗದವರು ಹಿಡಿಯುವ ಹಾಗೆಯೇ ಹಿಡಿದಳು. ಕಂಕುಳಲ್ಲಿ ಚೀಲ, ಹಣೆಯಲ್ಲಿ ಬೆವರು.

ಮಾವ ಚಾವಣಿಯಿಂದ ಕಣ್ಣು ಕಿತ್ತ.

"ಯಾರ್ರೀ ಅಲ್ಲಿ! ವಯಸ್ಸಾದ ಹೆಂಗಸು ನಿಂತಿದಾರೆ, ಕಣ್ಣು ಕಾಣಲ್ವಾ? ಎದ್ದು ಜಾಗ ಕೊಡ್ರೀ!"

ಯಾರೂ ಏಳಲಿಲ್ಲ. ಏಳುವುದಕ್ಕೆ ಅಲ್ಲಿ ಕೂತವರೇ ಇರಲಿಲ್ಲ. ಮಾವ ಅತ್ತಿತ್ತ ನೋಡಿ, ಈ ಜನಕ್ಕೆ ಹೇಳಿ ಪ್ರಯೋಜನವಿಲ್ಲ ಎನ್ನುವ ಮುಖ ಮಾಡಿ, ಹೊದಿಕೆ ಸರಿಸಿ, ಕಾಲು ಇಳಿಬಿಟ್ಟು, ಎಡಗೈಯಲ್ಲಿ ಸರಳು ಹಿಡಿದು ತಾನೇ ಎದ್ದು ನಿಂತ. ಹಾಸಿಗೆ ತಟ್ಟಿ ತೋರಿಸಿದ.

"ಕೂತ್ಕೊಳ್ಳಿ ತಾಯಿ. ಇನ್ನೂ ದೂರ ಇದೆ."

ತೂಗುವವಳು ಕೂತಳು. ಕೂತು, ಉಸಿರು ಬಿಟ್ಟು, ಚಪ್ಪಲಿಯ ಪಟ್ಟಿ ಸಡಿಲಿಸಿದ ಮೇಲೆ ಅವಳಿಗೆ ವಿಷಯ ಹೊಳೆಯಿತು. ಉಸ್ಸಪ್ಪನ ಬಾಯಿಂದ ಅವನ ಹೆಸರೂ ಹೊರಡಲಿಲ್ಲ.

"ಹಿಮ್ಮಡಿ ಊರಿ ಮಾವ," ಎಂದಳು ದೊಡ್ಡಕ್ಕ. ಅಭ್ಯಾಸಬಲ.

ತೂಗುವವಳು ಮಾವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಲಕ್ವ ಹೊಡೆದವರನ್ನ ಹೀಗೆ ನಿಲ್ಲಿಸಿದ್ದು ಯಾರು?"

"ನಾನು."

"ಒಳ್ಳೆ ಕೆಲಸ." ಹೇಳಿದ ಬಾಯಲ್ಲೇ ಬರೆದದ್ದನ್ನು ಹೊಡೆದುಹಾಕಿ 'ಹಗುರ' ಎಂದು ಬರೆದಳು.

"ಒಳ್ಳೆ ಕೆಲಸ ಅಂದ್ರಲ್ಲ, ಅದಕ್ಕೇನು ಕೊಡ್ತೀರಿ?"

"ಅದಕ್ಕೆ ಕಾಲಂ ಇಲ್ಲಮ್ಮ."

"ಇವರು ನಿಂತಿರೋದು ನಾನು ದಿನಾ ಹಿಂದೆ ನಡೆಯೋದಕ್ಕೆ. ಮನೆಗೆ ಕಳಿಸಿದ್ರೆ ಮತ್ತೆ ಮಲಗ್ತಾರೆ."

"ಮಲಗಿದ್ಮೇಲೆ ಮತ್ತೆ ಅರ್ಜಿ ಹಾಕ್ಲಿ."

ಹಂಗಿಸಿ ಹೇಳಿದ್ದಲ್ಲ. ನಿಯಮ ಹಾಗೇ ಇತ್ತು. ಹೋಗುವಾಗ ಬಾಗಿಲ ಹತ್ತಿರ ದೊಡ್ಡಕ್ಕನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದಳು:

"ಇಲ್ಲಿ ಹಾಸಿಗೆ ಸಿಗೋಕೆ ಎಷ್ಟು ಕಾಯ್ಬೇಕು?"

"ಯಾರಿಗೆ?"

"ಸುಮ್ನೆ. ನನಗೇ ಅಂತಿಟ್ಕೊಳ್ಳಿ."

"ಮೊದ್ಲು ಬೀಳ್ಬೇಕು," ಎಂದಳು ದೊಡ್ಡಕ್ಕ.

ತಿಂಗಳ ಕೊನೆಗೆ ಇಬ್ಬರು ಕೂಲಿಯಾಳುಗಳು ಮಾವನನ್ನು ಕುರ್ಚಿಯ ಸಮೇತ ಮೂರನೇ ಮಹಡಿಗೆ ಹೊತ್ತರು. ಅವನ ಹಾಸಿಗೆಗೆ ಅದೇ ಮಧ್ಯಾಹ್ನ ಭಾರವಾದವರು ಬಂದರು. ದೊಡ್ಡಕ್ಕ ಪಾಳಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಮಾವನಲ್ಲಿಗೆ ಹೋಗತೊಡಗಿದಳು. ಒಂದೂವರೆ ಕೋಣೆಯಲ್ಲಿ ಬಸ್ಸಿಗೆ ದಾರಿ ಇರಲಿಲ್ಲ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ. "ಇದೇನಮ್ಮ, ಬರೀ ಡಿಪೋ ಒಳಗೇ ಸುತ್ತಿಸ್ತಿದೀಯ," ಎಂದು ಮಾವ ಗೊಣಗುತ್ತಿದ್ದ. ಮಗಳು ಗೋಡೆಗೊರಗಿ ಕೂತು ನೋಡುತ್ತಿದ್ದಳು. ಎದ್ದು ಹಿಡಿಯುವ ಹಾಗಿರಲಿಲ್ಲ.

ಅಷ್ಟರಲ್ಲಿ ಆರೈಕೆ ಮನೆಯಲ್ಲಿ ಪಾಳಿಯ ಇನ್ನೊಬ್ಬಳು ಬೆನ್ನು ಹಿಡಿದುಕೊಂಡು ಕೆಲಸ ಬಿಟ್ಟಳು. ಅವಳ ಪಾಳಿಯೂ ದೊಡ್ಡಕ್ಕನ ತಲೆಗೆ ಬಂತು, ಬಾಕಿಯ ಲೆಕ್ಕದಲ್ಲಿ. ದಿನಾ ಹೋಗುತ್ತಿದ್ದವಳು ವಾರಕ್ಕೊಮ್ಮೆ ಹೋದಳು, ಆಮೇಲೆ ಅದೂ ಆಗಲಿಲ್ಲ. ಮಾವ ಒಂದು ದಿನ ಕಿಟಕಿಗೆ ಒಬ್ಬನೇ ಹೊರಟು ನಡುವೆ ಬಿದ್ದ. ತೊಡೆಯ ಮೂಳೆ ಮುರಿಯಿತು.

ಮನೆಗೆ ಹೋದ ಐದು ತಿಂಗಳಿಗೆ ಮತ್ತೆ ಸ್ಟ್ರೆಚರಿನಲ್ಲಿ ಬಂದ. ಮಾತಿಲ್ಲ. ತೂಗಲು ಯಾರೂ ಮೆಟ್ಟಿಲು ಹತ್ತುವ ಅಗತ್ಯವೇ ಬೀಳಲಿಲ್ಲ, ಆಸ್ಪತ್ರೆಯ ಕಾಗದ ನೋಡಿಯೇ 'ಭಾರ' ಎಂದು ಬರೆದರು. ಅವನಿಗೀಗ ಪೂರ್ತಿ ಅನುದಾನ. ಆಪರೇಷನ್ನಿಗೆ, ಆಂಬುಲೆನ್ಸಿಗೆ, ಭಾರದ ದರಕ್ಕೆ ಸರ್ಕಾರ ಸುರಿದ ದುಡ್ಡಿನಲ್ಲಿ ಮಾವನ ಹಿಂದೆ ನಡೆಯಲು ಒಬ್ಬರನ್ನು ವರ್ಷಗಟ್ಟಲೆ ಇಡಬಹುದಿತ್ತು. ಹಾಗೆ ಇಡಲು ಕಾಲಂ ಇಲ್ಲ.

ದೊಡ್ಡಕ್ಕ ಮೊದಲು ಮಾಡಿದ ಕೆಲಸ ಎಂದರೆ ಹೊರಗಿಟ್ಟಿದ್ದ ಕುರ್ಚಿಯನ್ನು ವಾಪಸು ಎಳೆದು ತಂದದ್ದು. ಅದರಲ್ಲಿ ಕೂತು, ಮಾವನ ಎಡಗೈಗೆ ಚಮಚ ಕೊಟ್ಟು, ತನ್ನ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡಳು. ಚಮಚ ಬಿತ್ತು. ಎತ್ತಿ ಕೊಟ್ಟಳು. ಬಿತ್ತು.

ಉಸ್ಸಪ್ಪ ಬಾಗಿಲಲ್ಲಿ ನಿಂತಿದ್ದ. "ಉಸ್ಸಪ್ಪಾ... ನಿಧಾನಕ್ಕೆ ದೊಡ್ಡಕ್ಕಾ. ಮುಂದಿನ ತೂಕ ಆಗ್ಲಿ."

"ಅವರಿಗೆ ಎಂಬತ್ತೊಂಬತ್ತು. ನಿಧಾನಕ್ಕೆ ಹೋಗೋಕೆ ಇನ್ನೆಷ್ಟು ಉಳಿದಿದೆ ಅಂತ ನೀನೇ ಹೇಳು."

ಅವನು ಒಳಗೆ ಬಂದು, ಅವತ್ತು ಬೀರುವಿನ ಹಿಂದೆ ಇಡಿಸಿ ಮರೆತಿದ್ದ ಕೋಲನ್ನು ತೆಗೆದು ಮಂಚಕ್ಕೆ ಒರಗಿಸಿ ಹೋದ.

ಸೋಮವಾರ ಬೆಳಿಗ್ಗೆ ದೊಡ್ಡಕ್ಕ ಒಂದು ಪಾಳಿ ಬಿಟ್ಟು ಅನುದಾನದ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಕೇಳುವುದು ಎರಡೇ: ಒಂದು ವರ್ಷದ ಕೂಲಿ, ಮತ್ತೆ ಆ ಇಲ್ಲದ ಕಾಲಂ. ಮಲಗಿದವರಿಗೆ ಕೊಡುವ ದುಡ್ಡನ್ನು, ಅವರನ್ನು ಎಬ್ಬಿಸಿ ನಿಲ್ಲಿಸಿದಾಗಲೂ ಕೊಡಿ ಎನ್ನುವ ಕಾಲಂ. ಮಾವನ ಮಗಳು ಬರುತ್ತೇನೆಂದಿದ್ದಾಳೆ, ಕೋಲೂರಿಕೊಂಡು.

ನಿಮ್ಮನ್ನೂ ಒಂದು ದಿನ ತೂಗುತ್ತಾರೆ. ಅವತ್ತು ಯಾರಾದರೂ ಪಕ್ಕದಲ್ಲಿ ಕೈ ತೊಡೆಯಡಿ ಇಟ್ಟುಕೊಂಡು ಕೂರಬೇಕು ಎಂದಿದ್ದರೆ ಅವಳ ಬಾಕಿ ಕೊಡಿಸಿ. ಇದನ್ನು ಓದುವಷ್ಟು ಹೊತ್ತು ಕೂತಿದ್ದೀರಿ. ಸಾಕು, ಎದ್ದು ಸೋಮವಾರ ಅಲ್ಲಿಗೆ ಬನ್ನಿ.